ಹೋಬಳಿ ಕ್ರೀಡಾಕೂಟದಲ್ಲಿ ಸಣ್ಣ ಶಾಲೆ: ದಾಖಲಾತಿಯ ಒಂದು ಲೆಕ್ಕ

ಕಳೆದ ಆಗಸ್ಟ್‌ನಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಮ್ಮ ಪ್ರಶಿಕ್ಷಣಾರ್ಥಿಯ ಗಣಿತ ಪಾಠ ವೀಕ್ಷಿಸಲು ಹೋಗಿದ್ದೆ. ಹಿಂದಿನ ದಿನ ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದಿತ್ತು. ಮೂರು ತರಗತಿ ಸೇರಿ ಆ ಶಾಲೆಯಲ್ಲಿ ನಲವತ್ತರ ಆಸುಪಾಸು ಮಕ್ಕಳು, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಖೋ-ಖೋದಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದಿದ್ದರು. ಒಂಬತ್ತನೇ ತರಗತಿಯ ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: "ಮಿಸ್, ಅವ್ರ ಸ್ಕೂಲಲ್ಲಿ ಎಷ್ಟ್ ಜನ ಅವ್ರೆ? ನಮ್ಮಲ್ಲಿ ಆಡಕ್ಕೆ ಬರೋರು ಬರದೇ ಇರೋರು ಎಲ್ರೂ ಆಡಿದ್ದು."

ನಮ್ಮ ಪ್ರಶಿಕ್ಷಣಾರ್ಥಿ ನಕ್ಕು, "ಸೋಲು ಗೆಲುವು ಇದ್ದದ್ದೇ, ಮುಂದಿನ ಸಾರಿ ಇನ್ನೂ ಚೆನ್ನಾಗಿ ಅಭ್ಯಾಸ ಮಾಡಿ" ಎಂದು ಹೇಳಿ ಬೋರ್ಡಿನ ಕಡೆ ತಿರುಗಿದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ವೀಕ್ಷಣಾ ನಮೂನೆಯಲ್ಲಿ 'ವಿದ್ಯಾರ್ಥಿಗಳ ಪ್ರಶ್ನೆಗೆ ಸ್ಪಂದನೆ' ಎಂಬ ಅಂಶಕ್ಕೆ ನಾನೂ 'ಉತ್ತಮ' ಎಂದು ಬರೆದೆ. ಹಾಸನಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಅದು ಚುಚ್ಚತೊಡಗಿತು. ಆ ಹುಡುಗಿ ಸಮಾಧಾನ ಕೇಳಿರಲಿಲ್ಲ, ಸಂಖ್ಯೆ ಕೇಳಿದ್ದಳು. ಗಣಿತದ ತರಗತಿಯಲ್ಲಿ ಕೇಳಿದ ಗಣಿತದ ಪ್ರಶ್ನೆಯನ್ನು ನಾವಿಬ್ಬರೂ ಸೇರಿ ನೀತಿಮಾತಾಗಿಸಿ ಮುಗಿಸಿದ್ದೆವು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಪ್ರತಿ ವರ್ಷ ಬೋಧನಾಭ್ಯಾಸದ ನಡುವೆಯೇ ಕ್ರೀಡಾಕೂಟ ಬರುತ್ತದೆ. ಸುಣ್ಣದ ಗೆರೆ ಎಳೆಯುವ, ಅಂಕಪಟ್ಟಿ ಬರೆಯುವ ಕೆಲಸಕ್ಕೆ ಪ್ರಶಿಕ್ಷಣಾರ್ಥಿಗಳನ್ನು ನಿಲ್ಲಿಸುತ್ತಾರೆ. ಇಂಥ ಪ್ರಶ್ನೆ ನಿಮಗೂ ಎದುರಾಗುವುದು ಖಂಡಿತ.

ಮೊದಲು ನಮ್ಮ ವ್ಯವಸ್ಥೆಯನ್ನು ನೋಡೋಣ. ಇಲಾಖಾ ಕ್ರೀಡಾಕೂಟದಲ್ಲಿ ಮಕ್ಕಳನ್ನು ವಿಂಗಡಿಸುವುದು ಎರಡೇ ಆಧಾರದ ಮೇಲೆ: ವಯಸ್ಸು ಮತ್ತು ಲಿಂಗ. 14 ವರ್ಷದೊಳಗಿನವರು ಪ್ರಾಥಮಿಕ ವಿಭಾಗ, 17 ವರ್ಷದೊಳಗಿನವರು ಪ್ರೌಢಶಾಲಾ ವಿಭಾಗ, ಪದವಿಪೂರ್ವ ಕಾಲೇಜಿನವರದು 19. ಇದು 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ವಿಂಗಡಣೆ. ಕುಸ್ತಿ, ಕಬಡ್ಡಿಯಂಥ ಆಟಗಳಲ್ಲಿ ತೂಕವೂ ಸೇರುತ್ತದೆ. ಶಾಲೆಗಳನ್ನು ವಿಂಗಡಿಸುವುದು ಮಾತ್ರ ಭೂಗೋಳದಿಂದ. ಹೋಬಳಿ ಅಥವಾ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏಣಿ ಮೇಲೇರುತ್ತದೆ. ಹಾಸನ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರಿದ್ದರಿಂದ ನಮ್ಮ ಮಕ್ಕಳು ವಿಭಾಗ ಮಟ್ಟದಲ್ಲಿ ಮಂಡ್ಯ, ಕೊಡಗು, ದಕ್ಷಿಣ ಕನ್ನಡ, ಉಡುಪಿಯವರ ಜೊತೆ ಸೆಣಸಬೇಕು. ಈ ಏಣಿಯ ಯಾವ ಮೆಟ್ಟಿಲಲ್ಲೂ 'ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು' ಎಂದು ಯಾರೂ ಕೇಳುವುದಿಲ್ಲ.

ಕೇಳುವ ದೇಶವೂ ಉಂಟು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಪ್ರೌಢಶಾಲೆಗಳನ್ನು ದಾಖಲಾತಿಯ ಪ್ರಕಾರ ವರ್ಗಗಳಾಗಿ ಒಡೆಯುತ್ತಾರೆ. ಟೆಕ್ಸಾಸ್‌ನಲ್ಲಿ ಆರು ವರ್ಗಗಳಿವೆ. ತೀರ ಸಣ್ಣ ಶಾಲೆಗಳು ಒಂದನೇ ವರ್ಗಕ್ಕೆ, ಸಾವಿರಾರು ಮಕ್ಕಳಿರುವವು ಆರನೆಯದಕ್ಕೆ. ಎರಡು ವರ್ಷಕ್ಕೊಮ್ಮೆ ಹೊಸದಾಗಿ ಎಣಿಸಿ ಮರುವಿಂಗಡಣೆ ಮಾಡುತ್ತಾರೆ. ಒಂದನೇ ವರ್ಗದ ತೀರ ಚಿಕ್ಕ ಶಾಲೆಗಳಿಗೆ ಹನ್ನೊಂದು ಆಟಗಾರರನ್ನು ಹೊಂದಿಸುವುದೇ ಕಷ್ಟವೆಂದು ಆರು ಜನರ ಫುಟ್‌ಬಾಲ್ ಆಡಿಸುತ್ತಾರೆ (ಅವರು ಫುಟ್‌ಬಾಲ್ ಎನ್ನುವುದು ನಮ್ಮದಲ್ಲ, ಮೊಟ್ಟೆಯಾಕಾರದ ಚೆಂಡಿನದು).

ಅಲ್ಲೂ ಇದು ತಕರಾರಿಲ್ಲದೆ ಬಂದದ್ದಲ್ಲ. ಇಂಡಿಯಾನಾ ರಾಜ್ಯದಲ್ಲಿ ಬಹುಕಾಲ ಎಲ್ಲ ಶಾಲೆಗಳಿಗೂ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. 1954ರಲ್ಲಿ, ಅಂದರೆ ನಮ್ಮ ಶಾಲಾ ಕ್ರೀಡಾ ಒಕ್ಕೂಟ ಹುಟ್ಟಿದ ವರ್ಷವೇ, ಮಿಲನ್ ಎಂಬ ಹಳ್ಳಿಯೂರಿನ 161 ಮಕ್ಕಳ ಶಾಲೆ ಫೈನಲ್‌ನಲ್ಲಿ ತನ್ನ ಸುಮಾರು ಹತ್ತುಪಟ್ಟು ದೊಡ್ಡದಾದ ಮನ್ಸಿ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿತು. ಆ ಗೆಲುವು ಮುಂದೆ ಸಿನಿಮಾಕ್ಕೂ ಪ್ರೇರಣೆಯಾಯಿತು. 1997ರಲ್ಲಿ ಇಂಡಿಯಾನಾ ನಾಲ್ಕು ವರ್ಗಗಳ ಪದ್ಧತಿಗೆ ಬದಲಾಯಿಸಿದಾಗ ವಿರೋಧಿಸಿದವರೆಲ್ಲ ಹೇಳಿದ್ದು ಮಿಲನ್ನಿನ ಕತೆಯನ್ನೇ. ನನಗೆ ತೋಚುವುದು ಬೇರೆ. ಒಂದು ಗೆಲುವನ್ನು ಜನ ನಾಲ್ಕು ದಶಕ ನೆನೆಯುತ್ತಾರೆಂದರೆ, ಅಂಥದ್ದು ಎಷ್ಟು ಅಪರೂಪ ಎನ್ನುವುದಕ್ಕೆ ಅದೇ ಸಾಕ್ಷಿ.

ಎಷ್ಟು ಅಪರೂಪ? ಇದನ್ನು ಒಂಬತ್ತನೇ ತರಗತಿಯ ಮಕ್ಕಳೇ ಲೆಕ್ಕ ಹಾಕಬಲ್ಲರು. ಒಂದು ಹೋಬಳಿಯನ್ನು ಊಹಿಸಿಕೊಳ್ಳೋಣ. ಅಲ್ಲಿ 400 ಮಕ್ಕಳ ದೊಡ್ಡ ಶಾಲೆ ಒಂದು, 40 ಮಕ್ಕಳ ಸಣ್ಣ ಶಾಲೆಗಳು ಹತ್ತು. ಅರ್ಧ ಹೆಣ್ಣುಮಕ್ಕಳೆಂದರೆ ದೊಡ್ಡ ಶಾಲೆಯಲ್ಲಿ 200, ಪ್ರತಿ ಸಣ್ಣ ಶಾಲೆಯಲ್ಲಿ 20, ಒಟ್ಟು 400 ಹುಡುಗಿಯರು. ಓಡುವ ಶಕ್ತಿ ಯಾವ ಶಾಲೆಯ ಮೇಲೂ ವಿಶೇಷ ಪ್ರೀತಿ ತೋರಿಸುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ಇಡೀ ಹೋಬಳಿಯ ಅತಿ ವೇಗದ ಹುಡುಗಿ ದೊಡ್ಡ ಶಾಲೆಯವಳಾಗಿರುವ ಸಂಭವನೀಯತೆ ಅರ್ಧ. ಯಾವುದೋ ಒಂದು ಸಣ್ಣ ಶಾಲೆಯವಳಾಗಿರುವುದೂ ಅರ್ಧವೇ. ಹೀಗಾಗಿ ನೂರು ಮೀಟರ್ ಓಟದಲ್ಲಿ, ಗುಂಡು ಎಸೆತದಲ್ಲಿ, ಉದ್ದ ಜಿಗಿತದಲ್ಲಿ ಹೆಸರೇ ಕೇಳದ ಶಾಲೆಯ ಮಗು ಬಂದು ಗೆಲ್ಲುವುದನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಚಪ್ಪಾಳೆ ತಟ್ಟಿ, 'ನೋಡಿ, ಪ್ರತಿಭೆಗೆ ಶಾಲೆ ಸಣ್ಣದು ದೊಡ್ಡದು ಅನ್ನೋದಿಲ್ಲ' ಎನ್ನುತ್ತೇವೆ. ವೈಯಕ್ತಿಕ ಸ್ಪರ್ಧೆಯ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಗುಂಪು ಆಟಕ್ಕೆ ಬಂದಾಗ ಲೆಕ್ಕ ಮಗುಚಿಕೊಳ್ಳುತ್ತದೆ. ಖೋ-ಖೋದಲ್ಲಿ ಒಂಬತ್ತು ಜನ ಅಂಕಣಕ್ಕೆ ಇಳಿಯಬೇಕು. ದೊಡ್ಡ ಶಾಲೆ ತನ್ನ 200 ಹುಡುಗಿಯರಲ್ಲಿ ಒಂಬತ್ತು ಜನರನ್ನು ಆರಿಸುತ್ತದೆ. ಆ ಒಂಬತ್ತನೆಯವಳು ಕೂಡ ತನ್ನ ಶಾಲೆಯ 191 ಹುಡುಗಿಯರಿಗಿಂತ ಚುರುಕು, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿಗಿಂತ ಮುಂದೆ. ಸಣ್ಣ ಶಾಲೆ ಒಂಬತ್ತು ಜನರನ್ನು ಇಪ್ಪತ್ತರಲ್ಲಿ ಹುಡುಕಬೇಕು. ಅಲ್ಲಿಯ ಒಂಬತ್ತನೆಯವಳ ಹಿಂದೆ ಇರುವವರು ಹನ್ನೊಂದೇ ಜನ, ಅಂದರೆ ಅವಳು ಹೆಚ್ಚುಕಡಿಮೆ ಸಾಧಾರಣ ಹುಡುಗಿ. ಅಷ್ಟೇ ಅಲ್ಲ, ಇಪ್ಪತ್ತರಲ್ಲಿ ಮೊದಲನೆಯವಳು ಎಂದರೆ ನೂರರಲ್ಲಿ ಮೊದಲ ಐದರೊಳಗೆ ಬರುವವಳು. 200ರಲ್ಲಿ ಒಂಬತ್ತನೆಯವಳೂ ಸರಿಸುಮಾರು ಅಲ್ಲೇ ನಿಲ್ಲುತ್ತಾಳೆ. ಸಣ್ಣ ಶಾಲೆಯ ಅತ್ಯುತ್ತಮ ಆಟಗಾರ್ತಿ, ದೊಡ್ಡ ಶಾಲೆಯ ತಂಡದ ಕಟ್ಟಕಡೆಯವಳಿಗೆ ಸಮ.

ಆ ಹುಡುಗಿಯ 'ಎಷ್ಟ್ ಜನ ಅವ್ರೆ' ಎಂಬ ಪ್ರಶ್ನೆಯೊಳಗೆ ಇಷ್ಟಿತ್ತು. ಅಭ್ಯಾಸ ಕಡಿಮೆಯಾದದ್ದು ಒಂದು ಕಾರಣವಿರಬಹುದು. ಆದರೆ ಮೊದಲ ಕಾರಣ ಅದಲ್ಲ.

ಹಾಗಾದರೆ ಸಣ್ಣ ಶಾಲೆಗಳು ತಾಲ್ಲೂಕು ಮಟ್ಟಕ್ಕೆ ತಂಡ ಕಳಿಸುವುದೇ ಇಲ್ಲವೇ? ಕಳಿಸುತ್ತವೆ. ಇಲ್ಲಿ ಭೂಗೋಳ ಗೊತ್ತಿಲ್ಲದೆಯೇ ಒಂದು ಉಪಕಾರ ಮಾಡುತ್ತದೆ. ಪಟ್ಟಣದ ದೊಡ್ಡ ಶಾಲೆಗಳು ಬಹುತೇಕ ಕಸಬಾ ಹೋಬಳಿಯಲ್ಲೇ ಕೂಡಿಕೊಂಡಿರುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ, ಬಾಗೂರು, ಅರಕಲಗೂಡಿನ ಮಲ್ಲಿಪಟ್ಟಣ, ದೊಡ್ಡಮಗ್ಗೆ, ಹೊಳೆನರಸೀಪುರದ ಹಳೇಕೋಟೆಯಂಥ ಹೋಬಳಿಗಳಲ್ಲಿ ಹಳ್ಳಿ ಶಾಲೆಗಳು ಮೊದಲು ತಮ್ಮತಮ್ಮಲ್ಲೇ ಆಡುತ್ತವೆ. ಅವುಗಳಲ್ಲಿ ಯಾವುದೋ ಒಂದು ತಾಲ್ಲೂಕು ಮೈದಾನಕ್ಕೆ ಬಂದೇ ಬರುತ್ತದೆ. ಹೋಬಳಿಯ ಗಡಿ ಕಂದಾಯಕ್ಕಾಗಿ ಎಳೆದದ್ದು, ಆಟಕ್ಕಲ್ಲ. ಆದರೂ ಅದು ಅಮೆರಿಕದವರು ಎಣಿಸಿ ಮಾಡುವ ವಿಂಗಡಣೆಯನ್ನು ಅರ್ಧಂಬರ್ಧವಾಗಿ ಮಾಡಿಕೊಡುತ್ತದೆ. ಇದರಲ್ಲಿ ಏಟು ತಿನ್ನುವುದು ಕಸಬಾ ಹೋಬಳಿಯ ಸಣ್ಣ ಶಾಲೆ. ಹಾಸನದ ಹೊರವಲಯದಲ್ಲಿ ಮೂವತ್ತೈದು ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆ ಮೊದಲ ಪಂದ್ಯದಲ್ಲೇ ಸಾವಿರ ಮಕ್ಕಳ ಶಾಲೆಯನ್ನು ಎದುರಿಸಬೇಕಾಗಬಹುದು. ಅದೇ ಮೂವತ್ತೈದು ಮಕ್ಕಳು ಇಪ್ಪತ್ತು ಕಿಲೋಮೀಟರ್ ಆಚೆಯ ಹೋಬಳಿಯಲ್ಲಿದ್ದಿದ್ದರೆ ತಾಲ್ಲೂಕು ಮಟ್ಟದ ಪ್ರಮಾಣಪತ್ರ ಮನೆಗೆ ಒಯ್ಯುತ್ತಿದ್ದರೋ ಏನೋ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ದಾಖಲಾತಿಯನ್ನು ನಾವು ಎಲ್ಲಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೇನೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎನ್ನುತ್ತದೆ. ನೂರರೊಳಗಿದ್ದರೆ ಆ ಮಾತಿಲ್ಲ. ಅಂದರೆ ಆಟ ಕಲಿಸುವವರನ್ನು ಕೊಡುವಾಗ ತಲೆ ಎಣಿಸುತ್ತೇವೆ, ಆಟಕ್ಕೆ ಇಳಿಸುವಾಗ ಎಣಿಸುವುದಿಲ್ಲ. ಏಳನೇ ತರಗತಿವರೆಗೆ ದೈಹಿಕ ಶಿಕ್ಷಣ ಶಿಕ್ಷಕರನ್ನೇ ಕಾಣದ ಮಕ್ಕಳು ಎಂಟಕ್ಕೆ ಬಂದು ಹೋಬಳಿ ತಂಡ ಕಟ್ಟಬೇಕು. ನಾನು ಹೇಳುತ್ತಿರುವ ಶಾಲೆಯಲ್ಲಿ ತಂಡವನ್ನು ಕರೆದುಕೊಂಡು ಹೋದವರು ಹಿಂದಿ ಶಿಕ್ಷಕಿ. ಆಟದ ನಿಯಮಗಳನ್ನು ಮೊಬೈಲಿನಲ್ಲಿ ಓದಿಕೊಂಡೇ ಹೋಗಿದ್ದರಂತೆ. ಅವರ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ.

ಇಷ್ಟಾದ ಮೇಲೆ 'ನಾವೂ ದಾಖಲಾತಿ ಪ್ರಕಾರ ವರ್ಗ ಮಾಡಿಬಿಡೋಣ' ಎನ್ನಿಸುವುದು ಸಹಜ. ಅಂಕಿಅಂಶಕ್ಕೆ ಕೊರತೆಯಿಲ್ಲ, ಪ್ರತಿ ಮಗುವಿನ ವಿವರವೂ ಸ್ಯಾಟ್ಸ್‌ನಲ್ಲಿದೆ. ನಾನೂ ಮೊದಲು ಹಾಗೆಯೇ ಯೋಚಿಸಿದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಒಂದು, ಏಣಿಯ ತುದಿ. ಅಮೆರಿಕದ ಶಾಲಾ ಕ್ರೀಡೆ ಮುಖ್ಯವಾಗಿ ರಾಜ್ಯ ಮಟ್ಟಕ್ಕೇ ನಿಲ್ಲುತ್ತದೆ. ಅಲ್ಲಿಯ ರಾಜ್ಯಗಳ ಶಾಲಾ ಕ್ರೀಡಾ ಒಕ್ಕೂಟ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುವುದಿಲ್ಲ. ಹಾಗಾಗಿ ಟೆಕ್ಸಾಸ್‌ನಲ್ಲಿ ಆರು ಚಾಂಪಿಯನ್ನರು ಇದ್ದರೂ ಏನೂ ತೊಡಕಿಲ್ಲ. ನಮ್ಮ ಏಣಿ ರಾಷ್ಟ್ರಮಟ್ಟಕ್ಕೆ ಹೋಗುತ್ತದೆ. ಅಲ್ಲಿ ಆಡುವುದು ಯಾವುದೋ ಶಾಲೆಯ ತಂಡವಲ್ಲ, ಕರ್ನಾಟಕದ ತಂಡ. ಎಲ್ಲೋ ಒಂದು ಮೆಟ್ಟಿಲಲ್ಲಿ ವರ್ಗಗಳನ್ನು ಕೂಡಿಸಲೇಬೇಕು. ತಾಲ್ಲೂಕಿನಲ್ಲೇ ಕೂಡಿಸಿದರೆ ಸಣ್ಣ ಶಾಲೆಯ ಸೋಲು ಒಂದು ವಾರ ಮುಂದೆ ಹೋಗುತ್ತದೆ, ಅಷ್ಟೇ.

ಎರಡು, ದಾಖಲಾತಿ ಎಲ್ಲವನ್ನೂ ಹೇಳುವುದಿಲ್ಲ. ನಾಲ್ಕು ಜಿಲ್ಲೆಗಳಿಂದ ಮಕ್ಕಳನ್ನು ಆಯ್ದು ತಂದು ವಸತಿ ಕೊಟ್ಟು ಓದಿಸುವ 150 ಮಕ್ಕಳ ಶಾಲೆಯೂ, ಸುತ್ತ ಮೂರು ಹಳ್ಳಿಯವರೇ ಬರುವ 150 ಮಕ್ಕಳ ಸರ್ಕಾರಿ ಶಾಲೆಯೂ ಒಂದೇ ವರ್ಗಕ್ಕೆ ಬಿದ್ದರೆ ನ್ಯಾಯವಾದೀತೇ? ಇಲಿನಾಯ್ ರಾಜ್ಯದವರಿಗೂ ಇದೇ ತಲೆನೋವು. ಅವರು ಪ್ರವೇಶಕ್ಕೆ ಊರಿನ ಗಡಿಯಿಲ್ಲದ ಶಾಲೆಗಳ ದಾಖಲಾತಿಯನ್ನು 1.65ರಿಂದ ಗುಣಿಸಿ ವರ್ಗ ನಿಗದಿ ಮಾಡುವ ದಾರಿ ಹಿಡಿದರು. ಗಣಿತ ಶಿಕ್ಷಕನಾಗಿ ಆ ಗುಣಕ ನನಗೆ ರುಚಿಸಿತು, ಆದರೆ 1.65 ಏಕೆ, 1.5 ಏಕಲ್ಲ ಎಂಬ ಜಗಳವನ್ನು ನಮ್ಮ ತಾಲ್ಲೂಕು ಸಭೆಯಲ್ಲಿ ಬಿಡಿಸುವವರು ಯಾರು ಎಂದೂ ಅನ್ನಿಸಿತು.

ಇನ್ನು ತರಬೇತಿಯ ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಬಿ. ಚೈತ್ರಾ ಇದ್ದರು. ಅವರದು ನಮ್ಮ ನೆರೆಯ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರು, ಒಂದು ಹಳ್ಳಿ. ಊರು ಸಣ್ಣದಾದರೂ ಆಟ ಅಲ್ಲಿ ಬೇರುಬಿಟ್ಟಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನಾನು ಹಾಕಿದ ಲೆಕ್ಕದ ಊಹೆಯೇ 'ಉಳಿದದ್ದೆಲ್ಲ ಸಮವಿದ್ದರೆ' ಎಂಬುದು. ಮಕ್ಕಳಿಗೆ ಈ ಲೆಕ್ಕ ಕಲಿಸುವಾಗ ಊಹೆಯನ್ನು ಬೋರ್ಡಿನ ಮೇಲೆ ಬರೆದೇ ಮುಂದುವರಿಯಿರಿ. ಇಲ್ಲವಾದರೆ 'ನಾವು ಸಣ್ಣವರು, ಗೆಲ್ಲಲಾರೆವು' ಎಂಬುದನ್ನು ಗಣಿತದ ಸಾಕ್ಷಿಯೊಂದಿಗೆ ಕಲಿಸಿದಂತಾಗುತ್ತದೆ. ಅದು 'ಸೋಲು ಗೆಲುವು ಇದ್ದದ್ದೇ' ಎಂಬ ಉತ್ತರಕ್ಕಿಂತ ಕೆಟ್ಟದ್ದು.

ಮೂರನೆಯ ಅಡ್ಡಿ ನನಗೆ ಹೊಳೆದದ್ದೇ ಅಲ್ಲ, ಹೊಳೆನರಸೀಪುರದ ಕಡೆ ಪಾಠ ವೀಕ್ಷಣೆಗೆ ಹೋದಾಗ ದೊಡ್ಡ ಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕರು ತೋರಿಸಿಕೊಟ್ಟದ್ದು. "ಸಾರ್, ನೀವು ಸಣ್ಣ ಶಾಲೆ ಮಕ್ಕಳ ಬಗ್ಗೆ ಮರುಗ್ತೀರಿ. ನಮ್ಮ ಮೂರನೇ ಹುಡುಗಿ ಬಗ್ಗೆ ಯಾರು ಮರುಗ್ತಾರೆ?" ಎಂದರು. ಅವರ ವಲಯದ ನಿಯಮದಂತೆ ಒಂದು ಸ್ಪರ್ಧೆಗೆ ಒಂದು ಶಾಲೆಯಿಂದ ಇಬ್ಬರೇ. 200 ಹುಡುಗಿಯರಲ್ಲಿ ಮೂರನೆಯವಳು ಮೈದಾನದ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಾಳೆ. ಅವಳಿಗಿಂತ ನಿಧಾನವಾದವರು ಟ್ರ್ಯಾಕಿನ ಮೇಲೆ ಓಡುತ್ತಾರೆ. ಮೇಲಿನ ಲೆಕ್ಕವನ್ನೇ ಹಿಡಿದರೆ ದೊಡ್ಡ ಶಾಲೆಯಲ್ಲಿ ಮೂರನೆಯವಳಿಂದ ಒಂಬತ್ತನೆಯವಳವರೆಗೆ ಏಳು ಹುಡುಗಿಯರು ಸಾಮಾನ್ಯ ಸಣ್ಣ ಶಾಲೆಯೊಂದರ ಮೊದಲನೆಯವಳಿಗೆ ಸಮ ಅಥವಾ ಮೇಲು. ಅವರಲ್ಲಿ ಒಬ್ಬಳಿಗೂ ನೂರು ಮೀಟರ್ ಓಟದಲ್ಲಿ ಜಾಗವಿಲ್ಲ.

ನನಗೆ ಉತ್ತರ ಹೊಳೆಯಲಿಲ್ಲ. ಶಾಲೆ ಎಂಬ ಘಟಕಕ್ಕೆ ನ್ಯಾಯ ಒದಗಿಸಲು ಹೊರಟರೆ ಮಗು ಎಂಬ ಘಟಕ ಜಾರುತ್ತದೆ. ವೈಯಕ್ತಿಕ ಸ್ಪರ್ಧೆಯಲ್ಲಿ ಇಬ್ಬರ ಮಿತಿ ಸಣ್ಣ ಶಾಲೆಗೆ ಕೊಟ್ಟಿರುವ ರಿಯಾಯಿತಿಯೇ ಸರಿ. ಆದರೆ ಅದರ ಬೆಲೆ ತೆರುವವಳು ದೊಡ್ಡ ಶಾಲೆಯ ಮೂರನೇ ಹುಡುಗಿ. ಅವಳ ತಂದೆಯೂ ಬಹುಶಃ ತೆಂಗಿನ ತೋಟಕ್ಕೆ ಕೂಲಿಗೆ ಹೋಗುವವನೇ. ದೊಡ್ಡ ಶಾಲೆ ಎಂದ ಕೂಡಲೇ ಶ್ರೀಮಂತ ಮಕ್ಕಳು ಎಂದುಕೊಳ್ಳುವ ತಪ್ಪನ್ನು ನಾನು ಆವರೆಗೆ ಮಾಡುತ್ತಲೇ ಬಂದಿದ್ದೆ.

ವಯಸ್ಸಿನ ವಿಂಗಡಣೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಗಡಿ ದಿನಾಂಕ ಜನವರಿ 1. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನವನಿಗೂ ಸುಮಾರು ಒಂದು ವರ್ಷದ ಬೆಳವಣಿಗೆಯ ಅಂತರ. ನಮ್ಮಲ್ಲಿ ಹಿಂದೆ ಹೆಡ್‌ಮಾಸ್ಟರು ಜೂನ್ 1 ಎಂದೇ ಬರೆದುಬಿಡುತ್ತಿದ್ದ ಕಾಲವೊಂದಿತ್ತು. ನನ್ನ ಜನ್ಮದಿನಾಂಕವೂ ಅದೇ. ನಿಜಕ್ಕೂ ಯಾವಾಗ ಹುಟ್ಟಿದ್ದು ಎಂದರೆ ಅಮ್ಮ 'ರಾಗಿ ಕುಯ್ಲಿನ ಸಮಯ' ಎನ್ನುತ್ತಿದ್ದರು. ಕೂಲಂಕಷವಾಗಿ ಸಮಾನತೆ ಅಳೆಯಲು ಹೊರಟ ಯಾವ ಅಳತೆಗೋಲಿನಲ್ಲೂ ಇಂಥ ಒಂದು ಬಿರುಕು ಇದ್ದೇ ಇರುತ್ತದೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಆದೇಶಗಳ ವಿಷಯ ಬಿಡೋಣ. ಅಮೆರಿಕದ ಹಲವು ರಾಜ್ಯಗಳಲ್ಲಿ ಎರಡು ಮೂರು ಸಣ್ಣ ಶಾಲೆಗಳು ಸೇರಿ ಒಂದೇ ತಂಡ ಕಟ್ಟಲು ಅವಕಾಶವಿದೆ. ನಮ್ಮಲ್ಲೂ ಅದು ಬಂದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ, ವರ್ಗ ಮಾಡುವುದಕ್ಕಿಂತ ಅದೇ ಮೇಲು. ಅಷ್ಟರವರೆಗೆ ಹೋಬಳಿ ಮಟ್ಟದ ಸಂಘಟಕರ ಕೈಯಲ್ಲೇ ಇರುವುದು ಪಂದ್ಯಗಳ ಪಟ್ಟಿ. ಸೋತವರು ಹೊರಹೋಗುವ ಪದ್ಧತಿಯಲ್ಲಿ ಎಂಟು ತಂಡಗಳಿದ್ದರೆ ಒಟ್ಟು ಏಳು ಪಂದ್ಯ. ಅದರಲ್ಲಿ ನಾಲ್ಕು ತಂಡಗಳು ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ಎರಡು ಗುಂಪು ಮಾಡಿ ಲೀಗ್ ಆಡಿಸಿದರೆ ಹನ್ನೆರಡು, ಸೆಮಿಫೈನಲ್ ಫೈನಲ್ ಸೇರಿ ಹದಿನೈದು. ಮಳೆಗಾಲದ ಒಂದು ದಿನದಲ್ಲಿ ಅಷ್ಟು ಮುಗಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಸೋತ ನಾಲ್ಕು ತಂಡಗಳಿಗೆ ಪ್ರತ್ಯೇಕವಾಗಿ ಎರಡು ಪಂದ್ಯ ಮತ್ತು ಒಂದು ಫೈನಲ್ ಇಟ್ಟರೆ ಹೆಚ್ಚಾಗುವುದು ಮೂರೇ ಪಂದ್ಯ, ಒಟ್ಟು ಹತ್ತು. ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯ ಸಿಗುತ್ತದೆ. ಸೋತ ತಂಡಗಳು ಸಾಮಾನ್ಯವಾಗಿ ಸಣ್ಣ ಶಾಲೆಗಳೇ ಆಗಿರುವುದರಿಂದ, ಯಾರ ತಲೆಯನ್ನೂ ಎಣಿಸದೆ, ಯಾರಿಗೂ 'ಸಣ್ಣ ವರ್ಗ' ಎಂಬ ಹಣೆಪಟ್ಟಿ ಹಚ್ಚದೆ ವಿಂಗಡಣೆ ಆದಂತಾಗುತ್ತದೆ.

ಈ ಹತ್ತು, ಏಳು, ಹದಿನೈದರ ಲೆಕ್ಕವನ್ನು ನಮ್ಮ ಪ್ರಶಿಕ್ಷಣಾರ್ಥಿ ಮುಂದಿನ ವಾರ ಅದೇ ತರಗತಿಯಲ್ಲಿ ಮಾಡಿಸಿದರು. ಮೊದಲು ಒಂದು ರಟ್ಟಿನ ಡಬ್ಬಿಯಲ್ಲಿ 1ರಿಂದ 220ರವರೆಗೆ ಬರೆದ ಚೀಟಿಗಳನ್ನು ಹಾಕಿ, ಒಂದು ಗುಂಪಿಗೆ ಇಪ್ಪತ್ತು ಚೀಟಿ ಎತ್ತಿಸಿದರು, ಉಳಿದ ಇನ್ನೂರು ಇನ್ನೊಂದು ಗುಂಪಿಗೆ. ದೊಡ್ಡ ಸಂಖ್ಯೆ ಎಂದರೆ ಚುರುಕು ಆಟಗಾರ್ತಿ. ಎರಡೂ ಗುಂಪು ತಮ್ಮ ಮೊದಲ ಒಂಬತ್ತನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ಎದುರುಬದುರು ಇಟ್ಟವು. ಮೂರು ಬಾರಿ ಮಾಡಿದರು. ಒಮ್ಮೆ ಇಪ್ಪತ್ತರ ಗುಂಪಿಗೇ 220 ಸಿಕ್ಕಿತು, ಆ ಗುಂಪಿನ ಮಕ್ಕಳು ಬೆಂಚು ಹತ್ತಿ ಕೂಗಿದರು. ಆದರೆ ಅವರ ಒಂಬತ್ತನೇ ಚೀಟಿ ನೂರಿಪ್ಪತ್ತರ ಹತ್ತಿರವಿತ್ತು, ಎದುರಿನವರದು ಇನ್ನೂರಹತ್ತು ದಾಟಿತ್ತು. ಕೊನೆಯ ಬೆಂಚಿನ ಆ ಹುಡುಗಿ ಎರಡು ಸಾಲನ್ನೂ ಒಂದೊಂದಾಗಿ ನೋಡಿ, "ಹಂಗಾದ್ರೆ ನಾವು ರಿಲೇ ಆಡ್ಬೇಕಿತ್ತು ಮಿಸ್, ನಾಲ್ಕೇ ಜನ ಸಾಕು" ಎಂದಳು.

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ವೀಕ್ಷಣಾ ನಮೂನೆ ಮಡಚಿಟ್ಟು, ನಾಲ್ಕು ಜನರಿಗೂ ಅದೇ ಲೆಕ್ಕ ಹಾಕಿ ನೋಡೋಣ ಎಂದು ಚೀಟಿಗಳನ್ನು ಮತ್ತೆ ಡಬ್ಬಿಗೆ ತುಂಬಿದೆ.